ಸೋಮವಾರದ ರೊಟ್ಟಿ

ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದೆ. ವಾರಗಿತ್ತಿ ಫೋನು ಹಿಡಿದುಕೊಂಡೇ ಓಡಿಬಂದಳು.

"ಅಕ್ಕಾ, ನಮ್ಮಣ್ಣನ್ನ ಹೈಕೋರ್ಟು ಬಿಟ್ಬಿಡ್ತು ಕಣಕ್ಕಾ!"

ನಾವಿಬ್ಬರೂ ಹಳೇಬೀಡಿನ ಪಕ್ಕದ ಒಂದೇ ಊರಿನಿಂದ ಅರಸೀಕೆರೆಯ ಈ ಮನೆಗೆ ಸೊಸೆಯರಾಗಿ ಬಂದವರು. ತವರೂರಿನ ಡೈರಿ ಚುನಾವಣೆಯ ಹೊಡೆದಾಟದಲ್ಲಿ ಒಬ್ಬರು ಸತ್ತು, ಅವಳ ಅಣ್ಣನಿಗೂ ನನ್ನ ತಮ್ಮನಿಗೂ ಜೀವಾವಧಿ ಶಿಕ್ಷೆಯಾಗಿತ್ತು. ಇಬ್ಬರೂ ಅಲ್ಲಿರಲೇ ಇಲ್ಲ. ಅವಳಣ್ಣ ಅಂದು ಜ್ವರ ಬಂದು ಬೇಲೂರಿನಲ್ಲಿ ಆಸ್ಪತ್ರೆ ಸೇರಿದ್ದ. ಆಸ್ಪತ್ರೆಯ ರಿಜಿಸ್ಟರನ್ನು ಪೊಲೀಸರು ಒಯ್ದಿದ್ದರು. ಸರ್ಕಾರಿ ವಕೀಲರು ಅದನ್ನು ಕೋರ್ಟಿಗೆ ತೋರಿಸದೆ ಮುಚ್ಚಿಟ್ಟಿದ್ದರು. ಈಗ ಹೊರಬಂತು.

ಅವಳ ಬಾಯಿಗೆ ಸಕ್ಕರೆ ಹಾಕಿದೆ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ನನ್ನ ತಮ್ಮನಿಗೂ ಅಂದು ಜ್ವರ ಬರಬಾರದಿತ್ತೇ ಅನ್ನಿಸಿತು. ಅವನಿಗೆ ಜೈಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಹೊತ್ತಿಗೆ ಬಿಸಿ ಅನ್ನವಿದೆ, ಅವ್ವ ಇನ್ನೂ ಬದುಕಿದ್ದಾಳೆ ಎಂದು ಪೂಜೆಯಲ್ಲಿ ದಿನವೂ ಶಿವನಿಗೆ ಕೈಮುಗಿಯುತ್ತಿದ್ದವಳು ನಾನು. ಈ ಸುದ್ದಿ ಕೇಳಿ ಅದೆಲ್ಲ ಸಪ್ಪೆಯಾಯಿತು.

"ನಿನ್ ತಮ್ಮನ ಅಪೀಲು ಮುಂದಿನ ತಿಂಗಳಂತೆ. ಅವನು ಅವತ್ತು ಇಲ್ಲಿ ರೊಟ್ಟಿ ತಿಂದೆ ಅಂದಿದ್ದ, ನೀನು ಕೋರ್ಟಲ್ಲಿ ಒಲೇನೇ ಹಚ್ಚಿಲ್ಲ ಅಂದೆ. ಯಾವ್ದು ನಿಜ ಅಂತ ಲಾಯರ್ರು ಕೇಳ್ತಾವ್ರೆ," ಎಂದಳು.

ಹೊಡೆದಾಟದ ದಿನ ಸೋಮವಾರ. ಸಂಜೆಯ ಪೂಜೆಯಾಗುವವರೆಗೆ ನಮ್ಮಲ್ಲಿ ಒಲೆ ಹಚ್ಚುವಂತಿಲ್ಲ. ಅತ್ತೆ ಮಠಕ್ಕೆ ಹೋಗಿದ್ದರು. ಹಸಿದು ಬಂದ ತಮ್ಮನಿಗೆ ಎರಡು ಅಕ್ಕಿರೊಟ್ಟಿ ತಟ್ಟಿಕೊಟ್ಟಿದ್ದೆ. ಸಾಕ್ಷಿ ಹೇಳುವಾಗ ಅತ್ತೆ ಎದುರಿಗೇ ಕೂತಿದ್ದರು, ನಾಲಿಗೆ ತಿರುಗಿತು. ಅಕ್ಕನ ಮಾತಿಗೂ ತಮ್ಮನ ಮಾತಿಗೂ ತಾಳೆಯಾಗಲಿಲ್ಲ. ಅವನು ಒಳಗೆ ಹೋದ.

ಮುಚ್ಚಿಟ್ಟವರಲ್ಲಿ ನಾನೂ ಇದ್ದೆ.

ಅತ್ತೆ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ಹೋಗಿ ನಿಂತೆ. "ಅತ್ತೆ, ಆ ಸೋಮವಾರ ಒಲೆ ಹಚ್ಚಿದ್ದೆ."

ಅವರು ತಲೆಯೆತ್ತಲಿಲ್ಲ. "ಗೊತ್ತು ಕಣೇ. ನಾನು ಬಂದಾಗ ಹೆಂಚು ಇನ್ನೂ ಬಿಸಿ ಇತ್ತು."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ಸೋಮವಾರ ಒಲೆ ಹಚ್ಚೋ ಮನೆ ಅಂತ ಕೋರ್ಟಲ್ಲಿ ಹೇಳ್ಲಾ?" ದಾರ ಕಚ್ಚಿ ಕಿತ್ತರು. ಹೂವಿನ ಬುಟ್ಟಿ ಪಕ್ಕಕ್ಕಿಟ್ಟು, "ಲಾಯರ್ರಿಗೆ ಹೇಳು. ಹೆಂಚು ಮುಟ್ಟಿದ್ದು ನಾನು. ನಾನೂ ಬತ್ತೀನಿ," ಎಂದರು.

ವಾರಗಿತ್ತಿ ಅಣ್ಣನಿಗೆ ಹೊಸ ಅಂಗಿ ತರಲು ಪೇಟೆಗೆ ಹೊರಟಳು. ಅವಳ ಚಪ್ಪಲಿಯ ಸದ್ದನ್ನೂ ನನ್ನಿಂದ ಸಹಿಸಲಾಗಲಿಲ್ಲ. ಬೀದಿಯ ನಲ್ಲಿಯಲ್ಲಿ ನೀರು ಬಂತು. ನಾಳೆ ಅತ್ತೆಯ ಜೊತೆ ಲಾಯರ್ ಹತ್ತಿರ ಹೋಗುವುದೆಂದುಕೊಂಡು ಕೊಡ ಎತ್ತಿಕೊಂಡು ಹೋದೆ.