ಪೋಸ್ಟ್‌ಮ್ಯಾನ್ ಚನ್ನವೀರಪ್ಪನವರ ನಡಿಗೆ

ಚನ್ನವೀರಪ್ಪನವರ ಜೊತೆ ಯಾರೂ ನಡೆಯಲಾರರು. ಬೇಕಾದರೆ ಅವರ ಹಿಂದೆ ಓಡಬಹುದು. ಅರವತ್ತನಾಲ್ಕು ವಯಸ್ಸು, ಸಣಕಲು ಮೈ, ಹೊರಬದಿ ಮಾತ್ರ ಸವೆದ ಚಪ್ಪಲಿ. ಮೂವತ್ತನಾಲ್ಕು ವರ್ಷ ಬೆಂಗಳೂರು ಪೇಟೆಯಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದವರು. ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಅವರ ಕಾಲಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಮಾರೇನಹಳ್ಳಿಯ ಮನೆಯಿಂದ ಹಾಲಿನ ಬೂತಿಗೆ ಹೋಗುವಾಗಲೂ ಟಪಾಲಿಗೆ ಹೊತ್ತಾಯಿತೆಂಬಂತೆ ದಾಪುಗಾಲು ಹಾಕುತ್ತಾ, ದಾರಿಯ ಗೇಟುಗಳ ಮೇಲಿನ ಹೆಸರನ್ನೆಲ್ಲ ಓದುತ್ತಾ ಹೋಗುತ್ತಿದ್ದರು.

ನಾನು ಲಕ್ಷ್ಮೀಪತಿ. ಬಸವೇಶ್ವರನಗರದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ನನ್ನದೊಂದು ರೆಕಾರ್ಡಿಂಗ್ ಸ್ಟುಡಿಯೋ. ಗಿರಣಿ ಓಡುವಾಗ ನನ್ನ ಕೆಲಸ ನಿಲ್ಲಬೇಕು, ಗಿರಣಿ ನಿಂತಾಗ ನಾನು ಓಡಬೇಕು. ಆಟೋ ಮೇಲೆ ಮೈಕು ಕಟ್ಟಿಕೊಂಡು ‘ಇಂದೇ ಕೊನೆಯ ದಿನ’ ಎಂದು ಬೀದಿ ಬೀದಿ ಕೂಗುತ್ತಾರಲ್ಲ, ವಿಜಯನಗರದಿಂದ ಸುಂಕದಕಟ್ಟೆಯವರೆಗೆ ಅದರಲ್ಲಿ ಅರ್ಧ ನನ್ನ ಪಾಪ. ಹಾಗಾಗಿ 2007ರ ಸೆಪ್ಟೆಂಬರಿನಲ್ಲಿ ಹೇಮಶ್ರೀ ಎಂಬ ಹುಡುಗಿ ಬಂದು, “ಸಾರ್, ಪೇಟೆ ಸುತ್ತೋಕೆ ಒಂದು ಆಡಿಯೋ ಟೂರ್ ಮಾಡ್ಬೇಕು” ಅಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕೊನೆಗೂ ಒಂದು ಮರ್ಯಾದೆಯ ಕೆಲಸ!

ಹೇಮಶ್ರೀಯದು ಹಳೇ ಪೇಟೆ ಕಂಡರೆ ಪ್ರಾಣ ಬಿಡುವ ಏಳೆಂಟು ಜನರ ಬಳಗ. ಅವರ ಯೋಚನೆ ಸರಳವಾಗಿತ್ತು. ಮೈಸೂರ್ ಬ್ಯಾಂಕ್ ಸರ್ಕಲ್ಲಿನಲ್ಲಿ ಒಂದು ಪುಟ್ಟ ಎಂಪಿ3 ಪ್ಲೇಯರ್ ಕೊಡುವುದು. ಕಿವಿಗೆ ಸಿಕ್ಕಿಸಿಕೊಂಡು ಗುಂಡಿ ಒತ್ತಿದರೆ ಒಂದು ದನಿ ‘ಇಲ್ಲಿ ನಿಲ್ಲಿ, ಅಲ್ಲಿ ನೋಡಿ, ಈಗ ತಿರುಗಿ’ ಎಂದು ಅವೆನ್ಯೂ ರಸ್ತೆ, ಚಿಕ್ಕಪೇಟೆ, ಬಳೇಪೇಟೆ ಎಲ್ಲ ತೋರಿಸುತ್ತದೆ. ಗೈಡ್ ಬೇಡ, ಗುಂಪು ಬೇಡ. ಇಂಗ್ಲಿಷಿನದು ಆಗಲೇ ತಯಾರಾಗಿತ್ತು. ಕನ್ನಡಕ್ಕೆ ಪೇಟೆ ಬಲ್ಲವರು ಯಾರೆಂದು ಅಂಗಡಿ ಅಂಗಡಿಯಲ್ಲಿ ವಿಚಾರಿಸಿದರೆ ಎಲ್ಲರೂ ಒಂದೇ ಹೆಸರು ಹೇಳಿದ್ದರಂತೆ, ಪೋಸ್ಟ್‌ಮ್ಯಾನ್ ಚನ್ನವೀರಪ್ಪ.

ಸ್ಟುಡಿಯೋದಲ್ಲಿ ಕೂರಿಸಿದ ಮೊದಲ ದಿನ ಅವರು ಮರಗಟ್ಟಿಬಿಟ್ಟರು. ಕಾಗದ ನೋಡಿಕೊಂಡು “ಮಾನ್ಯ ಕೇಳುಗರೇ” ಎಂದವರಿಗೆ ಮುಂದಿನ ಸಾಲು ಓದಲಾಗಲಿಲ್ಲ. ಎದ್ದು ಕೋಣೆಯೊಳಗೆ ಎರಡು ಸುತ್ತು ಹಾಕಿದ್ದೇ ತಡ, ಮಾತು ನಲ್ಲಿ ಬಿಟ್ಟಂತೆ ಸುರಿಯಿತು. ಈ ಮನುಷ್ಯನ ಬಾಯಿ ಇರುವುದು ಕಾಲಿನಲ್ಲಿ ಎಂದು ನನಗೆ ಆಗ ಹೊಳೆಯಿತು. ಕಾಲರಿಗೆ ಸಣ್ಣ ಮೈಕು ಸಿಕ್ಕಿಸಿ ಪೇಟೆಗೇ ಕರೆದುಕೊಂಡು ಹೋದೆ.

ಅಬ್ಬಾ, ಅದೆಂಥಾ ಬೆಳಗು! ಹೊಸದುರ್ಗದ ಕಡೆಯ ಹಳ್ಳಿಯಿಂದ ಇಪ್ಪತ್ತಾರನೇ ವಯಸ್ಸಿಗೆ ಬಂದು ಇದೇ ಬೀದಿಗಳಲ್ಲಿ ದಾರಿ ತಪ್ಪಿ ಅತ್ತಿದ್ದರಂತೆ. ಈಗ ಯಾವುದೇ ಬಾಗಿಲು ತೋರಿಸಿ, ನಂಬರು ಹೇಳುತ್ತಾರೆ, ಅಲ್ಲಿದ್ದವರ ಮೂರು ತಲೆಮಾರು ಹೇಳುತ್ತಾರೆ. ಮಹಡಿ ಹತ್ತಿ ಇಳಿಯಲು ಪುರುಸೊತ್ತಿಲ್ಲದ ಕಡೆ ಕೆಳಗಿನಿಂದಲೇ “ಪೋಸ್ಟ್!” ಎಂದು ಕೂಗುತ್ತಿದ್ದರಂತೆ. ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತಿತ್ತಂತೆ. ನಾನು ಮೆಷಿನ್ನು ಹೊತ್ತು ಏದುಸಿರು ಬಿಡುತ್ತಾ ಹಿಂದೆ ಓಡಿದೆ. ಇಪ್ಪತ್ತೆರಡು ನಿಮಿಷಕ್ಕೆ ಟೂರ್ ಮುಗಿಯಿತು. ಚಿನ್ನದಂಥ ರೆಕಾರ್ಡಿಂಗ್ ಎಂದು ಕುಣಿದಾಡಿದೆ. ಅಲ್ಲೇ ನಾನು ಬೆಪ್ಪನಾದದ್ದು.

ಅಕ್ಟೋಬರಿನ ಮೊದಲ ಶನಿವಾರ ಎಂಟು ಜನರಿಗೆ ಪ್ಲೇಯರ್ ಕೊಟ್ಟು ಬಿಟ್ಟೆವು. ಚನ್ನವೀರಪ್ಪನವರು ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದರು. ನೂರು ಹೆಜ್ಜೆಯೊಳಗೇ ದನಿ ಮುಂದೆ, ಜನ ಹಿಂದೆ. “ಬಲಗಡೆ ತಲೆ ಎತ್ತಿ ನೋಡಿ, ಆ ಮರದ ಕಂಬದ ಕುಸುರಿ ನೋಡಿ, ಈಗ ಎಲ್ಲಿ ಸಿಗತ್ತೆ ಇಂಥದು!” ಎಂದು ಕಿವಿಯಲ್ಲಿ ಅವರು ಉಬ್ಬಿ ಹೇಳುವಾಗ ಎಂಟೂ ಜನ ಭಕ್ತಿಯಿಂದ ಸಾರ್ವಜನಿಕ ಮೂತ್ರಾಲಯವನ್ನು ನೋಡುತ್ತಿದ್ದರು. ಚಿಕ್ಕಪೇಟೆ ದಾಟಿದ ಮೇಲೆ ಎಡಕ್ಕೆ ಒಂದು ಗಲ್ಲಿ ಇದೆ, ಎರಡು ಕೊಡೆ ಎದುರಾದರೆ ಒಂದು ಮಡಿಸಲೇಬೇಕು, ಅಷ್ಟು ಕಿರಿದು. ಹಳೇ ಜಗಲಿ ಮನೆಗಳು, ಕಲ್ಲಿನ ಬಾವಿ, ಬಳೆಗಾರರ ಅಂಗಡಿ ಎಲ್ಲ ಇರುವುದು ಅದರೊಳಗೆ. ಟೂರಿನ ಜೀವವೇ ಆ ಗಲ್ಲಿ. ಅದಕ್ಕೆ ಒಬ್ಬರಾದರೂ ತಿರುಗಬೇಕಲ್ಲ! ಇಬ್ಬರು ಸೀರೆ ಅಂಗಡಿ ಹೊಕ್ಕರು, ಒಬ್ಬಾತ ಆಟೋ ಹತ್ತಿ ಮನೆಗೇ ಹೋದ.

ಹೇಮಶ್ರೀ ತಲೆ ತಗ್ಗಿಸಿಕೊಂಡು ಚನ್ನವೀರಪ್ಪನವರಿಗೆ ಹೇಳಿದಳು. “ಅಂಕಲ್, ಒಂದನೇ ತಾರೀಕು ರಾಜ್ಯೋತ್ಸವಕ್ಕೆ ಶುರು ಮಾಡ್ಬೇಕು. ಈ ತಿಂಗಳ ಕೊನೇ ಶನಿವಾರ ಇನ್ನೊಂದು ಟ್ರಯಲ್ ಮಾಡೋಣ. ಆಗ್ಲಿಲ್ಲ ಅಂದ್ರೆ ನಮ್ಮ ಬಳಗದೋರು ಸದ್ಯಕ್ಕೆ ಇಂಗ್ಲಿಷ್ ಒಂದೇ ಬಿಡ್ತಾರಂತೆ. ಕನ್ನಡದ್ದು ಆಮೇಲೆ.”

ಆಮೇಲೆ ಅಂದರೆ ಏನೆಂದು ಬೆಂಗಳೂರಿನಲ್ಲಿ ಹುಟ್ಟಿದವನಿಗೆ ಹೇಳಿಕೊಡಬೇಕೆ? ನನಗೆ ಮೈಯೆಲ್ಲ ಉರಿಯಿತು. ಚನ್ನವೀರಪ್ಪನವರು ಮಾತ್ರ ಮೆಲ್ಲಗೆ, “ರಾಜ್ಯೋತ್ಸವದ ದಿನ ಪೇಟೆಗೆ ಕನ್ನಡದಲ್ಲಿ ದಾರಿ ಹೇಳೋರಿಲ್ಲ ಅಂತಾಗತ್ತಲ್ಲ ಸಾರ್. ಅದೂ ನನ್ನ ಕಾಲಿಂದ,” ಅಂದರು. ಆ ಮುಖ ನೋಡಲಾಗಲಿಲ್ಲ.

ಮಾಡದ ಉಪಾಯವಿಲ್ಲ. ಕಂಪ್ಯೂಟರಿನಲ್ಲಿ ಮಾತಿನ ನಡುವೆ ಖಾಲಿ ಜಾಗ ತುರುಕಿದೆ, ಪೇಟೆಯ ಗದ್ದಲ ತುಂಡು ತುಂಡಾಗಿ ಕೇಳಿತು. ನಿಧಾನಕ್ಕೆ ನಡೆಯಿರಿ ಎಂದು ಕೈಮುಗಿದೆ, ಮೂರನೇ ನಿಮಿಷಕ್ಕೆ ಮರೆತರು. ಭಾರ ಹೊರಿಸಿದರೆ ಕಾಲು ತಡೆಯಬಹುದೆಂದು ಅವರ ಹಳೇ ಟಪಾಲು ಚೀಲದಲ್ಲಿ ಹತ್ತು ಕಿಲೋ ರದ್ದಿ ತುಂಬಿ ಹೆಗಲಿಗೆ ಹಾಕಿದೆ. ಚೀಲ ಹೆಗಲೇರಿದ್ದೇ ಮನುಷ್ಯನಿಗೆ ಮೂವತ್ತು ವರ್ಷ ಕಮ್ಮಿಯಾಯಿತು. ಹತ್ತೊಂಬತ್ತು ನಿಮಿಷ!

ಇನ್ನು ಕೈಚೆಲ್ಲಿ ಕೂರುವುದೊಂದೇ ಬಾಕಿ ಎಂದು ಮಾರೇನಹಳ್ಳಿಯಲ್ಲಿ ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ. ಮಗಳು ಮದುವೆಯಾಗಿ ದಾವಣಗೆರೆಯಲ್ಲಿದ್ದಳು. ಹೆಂಡತಿ ನೀಲಗಂಗಮ್ಮ ಮಂಡಿ ಹಿಡಿದುಕೊಂಡು ಎದ್ದು, ಅವಲಕ್ಕಿ ತಂದಿಟ್ಟು, ನಮ್ಮ ಗೋಳನ್ನೆಲ್ಲ ಕೇಳಿಸಿಕೊಂಡರು.

“ನಿಧಾನಕ್ಕೆ ನಡೀಬೇಕು, ಅಷ್ಟೇ ತಾನೇ? ನನ್ನ ಕರ್ಕೊಂಡು ಹೋಗಿ. ಈ ಮಂಡಿ ಜೊತೆ ಯಾರು ಓಡ್ತಾರೋ ನಾನೂ ನೋಡ್ತೀನಿ.”

“ನೀನಾ? ಅಲ್ಲಿ ನಿಂಗೇನು ಗೊತ್ತು ಕಣೇ?” ಅಂದರು ಚನ್ನವೀರಪ್ಪ.

“ಗೊತ್ತಿಲ್ಲ. ಕೇಳೋಕೆ ಬರೋರಿಗೂ ಗೊತ್ತಿರಲ್ಲ, ಅಲ್ವಾ?”

ನಾನು ಕೂತಲ್ಲಿಂದ ನೆಗೆದೇಬಿಟ್ಟೆ. ತಟ್ಟೆಯ ಅವಲಕ್ಕಿ ಅರ್ಧ ನೆಲದ ಮೇಲಿತ್ತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರಿಗೂ ಒಂದೊಂದು ಮೈಕು ಸಿಕ್ಕಿಸಿ ಮೈಸೂರ್ ಬ್ಯಾಂಕಿನಿಂದ ಹೊರಡಿಸಿದೆ. ನೀಲಗಂಗಮ್ಮ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಕೆಲಸಕ್ಕೆ ಹೋಗುವಾಗ ಇದೆಲ್ಲ ಯಾಕೆಂದು ಗಂಡ ಕೇಳಿದ್ದಕ್ಕೆ, “ನಾನು ಕೆಲಸಕ್ಕಲ್ಲ, ಪೇಟೆ ನೋಡೋಕೆ ಹೋಗ್ತಿರೋದು” ಎಂದರಂತೆ. ಇಪ್ಪತ್ತು ಹೆಜ್ಜೆಗೆ ಮೊದಲ ಕೂಗು ಬಿತ್ತು. “ರೀ, ಸ್ವಲ್ಪ ನಿಲ್ರೀ!” ಚನ್ನವೀರಪ್ಪನವರು ನಿಂತರು. ನಿಂತವರು ಮಾಡಲು ಬೇರೆ ಕೆಲಸವಿಲ್ಲದೆ ಮೇಲೆ ನೋಡಿದರು. ಅಂಗಡಿಯ ಬೋರ್ಡಿನ ಹಿಂದೆ ಹಳೇ ಮನೆಯ ಬಾಲ್ಕನಿ ಇತ್ತು, ಅದರ ಕಥೆ ಶುರುವಾಯಿತು. ಆಮೇಲೆ ಅದೇ ಲಯ. ಆಕೆಗೆ ಮಂಡಿ ನೋವು, ಇವರಿಗೆ ಒಂದು ಕಥೆ. ಆಕೆ ಕೇಳಿದ ಪ್ರಶ್ನೆಗಳಾದರೂ ಎಂಥವು! ಇಷ್ಟು ಕಡಿದಾದ ಮೆಟ್ಟಿಲಲ್ಲಿ ಬಾಣಂತಿಯರನ್ನು ಹೇಗೆ ಹತ್ತಿಸುತ್ತಿದ್ದರು? ನಾಲ್ಕು ದಿಕ್ಕಿಗೆ ನೇಗಿಲು ಹೂಡಿ ಊರಿನ ಗಡಿ ಗುರುತಿಸಿದರಂತಲ್ಲ, ಮೊದಲು ಸುಸ್ತಾದ ಎತ್ತು ಯಾವುದು? ಹೆಡ್‌ಫೋನಿನೊಳಗೆ ಕೇಳುತ್ತಾ ಹಿಂದೆ ನಡೆಯುತ್ತಿದ್ದ ನನಗೆ ರೋಮಾಂಚನ. ನಮ್ಮೂರನ್ನು ನಾನೇ ಮೊದಲ ಸಲ ನೋಡುತ್ತಿದ್ದೆ.

ಚಿಕ್ಕಪೇಟೆ ದಾಟಿ, ಆ ಗಲ್ಲಿ ಇನ್ನೇನು ಬರಬೇಕು ಎನ್ನುವಾಗ ಚನ್ನವೀರಪ್ಪನವರು ಒಂದು ಮೂರು ಅಂತಸ್ತಿನ ಮನೆಯ ಕೆಳಗೆ ನಿಂತು, ಬುಟ್ಟಿಯ ಕಥೆ ಹೇಳಿ, ಹೆಂಡತಿಗೆ ತೋರಿಸಲೆಂದು ಗಂಟಲು ಸರಿಮಾಡಿಕೊಂಡು “ಪೋಸ್ಟ್!” ಎಂದು ಕೂಗಿದರು.

ಬುಟ್ಟಿ ಇಳಿಯಿತು.

ಸತ್ಯವಾಗಿ ಇಳಿಯಿತು! ಮೂರನೇ ಮಹಡಿಯಿಂದ ನಡುಗುವ ದನಿಯೊಂದು, “ಚನ್ನವೀರಪ್ಪನಾ? ಎಲ್ಲಿ ಹೋಗಿದ್ಯೋ ಇಷ್ಟ್ ದಿನ?” ಎಂದು ಕೇಳಿತು. ಕಿಟಕಿಯಲ್ಲಿ ಬೆಳ್ಳಗಿನ ತಲೆಯ ಅಜ್ಜಿ. ಖಾಲಿ ಬುಟ್ಟಿ ಕೆಳಗೆ ನಿಂತವರ ಎದೆಯ ಮಟ್ಟಕ್ಕೆ ಬಂದು ತೂಗಾಡುತ್ತಿತ್ತು. ಹಾಕಲು ಕೈಯಲ್ಲಿ ಏನೂ ಇರಲಿಲ್ಲ, ಚನ್ನವೀರಪ್ಪನವರು ಪೆಚ್ಚಾಗಿ ಜೇಬು ತಡಕಾಡಿದರು. ನೀಲಗಂಗಮ್ಮ ತಮ್ಮ ಮುಡಿಯಿಂದ ಒಂದು ಗೇಣು ಮಲ್ಲಿಗೆ ಕಿತ್ತು ಬುಟ್ಟಿಗೆ ಹಾಕಿ, ಹಗ್ಗ ಅಲ್ಲಾಡಿಸಿದರು. ಬುಟ್ಟಿ ಮೇಲೆ ಹೋಯಿತು.

ಅಲ್ಲಿಂದ ಮುಂದಕ್ಕೆ ನಡೆಯುತ್ತಾ ನೀಲಗಂಗಮ್ಮ ಹೇಳಿದರು. “ಮೂವತ್ನಾಲ್ಕು ವರ್ಷ ದಿನಾ ಇವರನ್ನೆಲ್ಲ ಹೆಸರು ಹಿಡಿದು ಕೂಗಿದ್ರಿ. ಮದುವೆಯಾದ ವರ್ಷ ಕೇಳಿದ್ದೆ, ನೀವು ಓಡಾಡೋ ಜಾಗ ತೋರಿಸ್ರೀ ಅಂತ. ಕೆಲಸದ ಜಾಗ ಅದು, ನೋಡೋಕೇನಿದೆ ಅಂದ್ರಿ. ಇಷ್ಟೆಲ್ಲ ಇತ್ತಲ್ರೀ.”

ನನ್ನ ಹೆಡ್‌ಫೋನಿನಲ್ಲಿ ಹೆಜ್ಜೆಯ ಸದ್ದು ಮಾತ್ರ. ಆಮೇಲೆ ಸ್ಟುಡಿಯೋದಲ್ಲಿ ಎಣಿಸಿದ್ದೇನೆ, ಹದಿನೇಳು ಹೆಜ್ಜೆ. ನಂತರ ಚನ್ನವೀರಪ್ಪನವರ ದನಿ ಕೇಳಿಸಿತು. “ತಪ್ಪಾಯ್ತು ಕಣೇ. ಬಾ. ಇಲ್ಲಿ ಎಡಗಡೆ ತಿರುಗು.”

ಐವತ್ತೊಂದು ನಿಮಿಷದ ಆ ರೆಕಾರ್ಡಿಂಗನ್ನು ಸ್ಟುಡಿಯೋದಲ್ಲಿ ಕೇಳಿಸಿದಾಗ ಹೇಮಶ್ರೀ ಚಪ್ಪಾಳೆ ತಟ್ಟಿದಳು. ಚನ್ನವೀರಪ್ಪನವರ ಮುಖ ಕಪ್ಪಿಟ್ಟಿತು. “ಆ ಒಂದು ಮಾತು ತೆಗೆದುಬಿಡಿ ಸಾರ್. ಅದು ಮನೆ ಮಾತು. ಊರಿಗೆಲ್ಲ ಯಾಕೆ?”

“ಸಾರ್, ಗಲ್ಲಿಗೆ ತಿರುಗೋಕೆ ಹೇಳಿರೋದೂ ಅದೇ ಉಸಿರಿನಲ್ಲಿ, ಬಿಡಿಸೋಕೆ ಬರಲ್ಲ. ಅದನ್ನ ತೆಗೆದ್ರೆ ಮತ್ತೆ ಎಲ್ಲರೂ ನೇರಕ್ಕೆ ಹೋಗ್ತಾರೆ,” ಅಂದೆ.

“ಎಡಗಡೆ ತಿರುಗಿ ಅಂತ ಇಲ್ಲೇ ಇನ್ನೊಂದ್ಸಲ ಹೇಳ್ತೀನಿ, ಅಂಟಿಸಿ.”

ಹೇಳಿಸಿದೆ. ಆರು ಸಲ ಹೇಳಿದರು. ಆರೂ ಸಲ ‘ಮಾನ್ಯ ಕೇಳುಗರೇ’ ದನಿಯೇ ಬಂತು. ಅವರು ಹೆಂಡತಿಯ ಕಡೆ ನೋಡಿದರು. ನೀಲಗಂಗಮ್ಮ ಮಂಡಿ ನೀವಿಕೊಳ್ಳುತ್ತಾ, “ಬೇಡ ಅಂದ್ರೆ ತೆಗೆಸಿ. ನನಗೆ ಕೇಳಿಸ್ತಲ್ಲ, ಸಾಕು” ಅಂದರು. ಕೆಳಗೆ ಗಿರಣಿ ಶುರುವಾಯಿತು, ನೆಲ ನಡುಗಿತು. ಗಿರಣಿ ನಿಲ್ಲುವವರೆಗೆ ಚನ್ನವೀರಪ್ಪನವರು ಕೂತೇ ಇದ್ದರು. ಅಷ್ಟು ಹೊತ್ತು ಅವರು ಒಂದೆಡೆ ಕೂತದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು, “ಇರ್ಲಿ ಬಿಡಿ” ಎಂದು ಹೊರಟರು.

ಅಕ್ಟೋಬರಿನ ಕೊನೆಯ ಶನಿವಾರ. ಹೊಸ ಎಂಟು ಜನ, ಎಲ್ಲರೂ ಒಂದೇ ಕ್ಷಣಕ್ಕೆ ಗುಂಡಿ ಒತ್ತಿದರು. ನಾವು ನಾಲ್ವರು ಇಪ್ಪತ್ತು ಮಾರು ಹಿಂದೆ. ಅವೆನ್ಯೂ ರಸ್ತೆಯಲ್ಲಿ ಎಂಟೂ ಜನ ಏಕಾಏಕಿ ನಿಂತರು. ಕಿವಿಯಲ್ಲಿ ನೀಲಗಂಗಮ್ಮನ ಮಂಡಿ! ಹಿಂದಿದ್ದ ಕೈಗಾಡಿಯವನು ಬೈದ, ಯಾರಿಗೂ ಕೇಳಿಸಲಿಲ್ಲ. ಎಂಟೂ ತಲೆ ಒಟ್ಟಿಗೆ ಬಾಲ್ಕನಿಯತ್ತ ಎದ್ದವು. ಹೇಮಶ್ರೀ ನನ್ನ ತೋಳು ಹಿಸುಕಿ ನೋಯಿಸಿಬಿಟ್ಟಳು. ನಾನು ಮಾತ್ರ ಹಿಗ್ಗಲಿಲ್ಲ. ಗಲ್ಲಿ ಇನ್ನೂ ಬಾಕಿ ಇತ್ತು.

ಬುಟ್ಟಿಯ ಮನೆ ದಾಟಿದ್ದಾಯಿತು. ನಗುತ್ತಿದ್ದವರು ತಲೆ ತಗ್ಗಿಸಿದರು. ಈಗ ಕಿವಿಯಲ್ಲಿ ನೀಲಗಂಗಮ್ಮ ಮಾತಾಡುತ್ತಿದ್ದಾರೆ ಎಂದು ಆ ಎಂಟು ಜನರ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಆಮೇಲೆ ಆ ಹದಿನೇಳು ಹೆಜ್ಜೆ. ನಾನು ಬಾಯಲ್ಲೇ ಎಣಿಸಿದೆ. ಹದಿನೈದು, ಹದಿನಾರು. ಪಕ್ಕದಲ್ಲಿ ಚನ್ನವೀರಪ್ಪನವರು ನೆಲ ನೋಡುತ್ತಾ ನಿಂತುಬಿಟ್ಟರು. ಹದಿನೇಳು.

ಎಂಟೂ ಜನ ಎಡಕ್ಕೆ ತಿರುಗಿದರು. ಒಬ್ಬರೂ ತಪ್ಪಲಿಲ್ಲ.

ನಾನು ಕೂಗಿಕೊಂಡೆನೋ ಏನೋ, ಅಂಗಡಿಯವರೆಲ್ಲ ತಿರುಗಿ ನೋಡಿದರು. ಹೇಮಶ್ರೀ ಅಳುತ್ತಾ ನಗುತ್ತಾ ಫೋನು ಹಚ್ಚಿ, “ಕನ್ನಡದ್ದೂ ಒಂದನೇ ತಾರೀಕಿಗೇ!” ಎಂದು ಯಾರಿಗೋ ಒದರುತ್ತಿದ್ದಳು. ಚನ್ನವೀರಪ್ಪನವರು ಇನ್ನೂ ತಲೆ ಎತ್ತಿರಲಿಲ್ಲ. ನೀಲಗಂಗಮ್ಮ ಅವರ ಮೊಣಕೈ ಹಿಡಿದರು.

“ನಡೀರಿ. ಬಳೆ ಅಂಗಡಿಗೆ ಅವರೆಲ್ಲ ಮೊದಲು ಹೋಗ್ಬಿಡ್ತಾರೆ.”

“ನಿಧಾನ ಕಣೇ, ಮಂಡಿ” ಅಂದರು ಚನ್ನವೀರಪ್ಪ. ಆಕೆ ಆಗಲೇ ಎರಡು ಹೆಜ್ಜೆ ಮುಂದಿದ್ದರು.