ಗಾಜು ಏರಿಸಿದ ಕಾರಿನಲ್ಲಿ ಜಾಝ್

ಸೌದಿಯ ರಾಸ್ ತನೂರಾದ ನಮ್ಮ ಕ್ಯಾಂಪಿನಲ್ಲಿ ನೈಟ್ ಶಿಫ್ಟಿನವರು ಹಗಲು ಮಲಗುತ್ತಾರೆ. ಹಾಗಾಗಿ ನನ್ನ ಸ್ಯಾಕ್ಸೋಫೋನು, ಕಾರವಾರದ ಹಿರಿಯ ಫೋರ್‌ಮನ್ ಒಬ್ಬರ ಟ್ರಂಪೆಟ್ಟು, ಎರಡೂ ಶುಕ್ರವಾರ ಅವರ ಹಳೇ ಕಾರಿನೊಳಗೆ ಗಾಜು ಏರಿಸಿಕೊಂಡೇ ನುಡಿಯಬೇಕಿತ್ತು. ಮೊಣಕೈ ಬಾಗಿಲಿಗೆ ತಾಗುತ್ತಿತ್ತು. ಎ.ಸಿ. ಬಿಸಿಗಾಳಿ ಉಗುಳುತ್ತಿತ್ತು.

ಇಗರ್ಜಿಯಲ್ಲಿ ಸಂಗೀತದ ನೊಟೇಶನ್ ಓದಲು ಕಲಿತ ಗೋವಾದವರು ಬೊಂಬಾಯಿಯ ಹೋಟೆಲುಗಳಲ್ಲಿ ಜಾಝ್ ನುಡಿಸಿದ್ದು, ಆಮೇಲೆ ಹೊಟ್ಟೆಪಾಡಿಗೆ ಸಿನಿಮಾ ಸ್ಟುಡಿಯೋ ಸೇರಿದ್ದು, ಎಲ್ಲ ಈ ಫೋರ್‌ಮನ್ನರೇ ಹೇಳಿದ್ದು. ಅವರಪ್ಪ ಆ ಗುಂಪಿನಲ್ಲಿದ್ದವರು.

ನಾನು ಉಡುಪಿ ಕಡೆ ಮದುವೆಗಳಲ್ಲಿ ಊದಿದವ. ಧಾರೆ ಮುಗಿಯುವ ಮೊದಲು ವಾದ್ಯ ನಿಂತರೆ ನಮ್ಮಲ್ಲಿ ಬೈಗುಳ ಖಂಡಿತ. ಆ ಅಭ್ಯಾಸದಿಂದ ಇಲ್ಲೂ ಶುರುಮಾಡಿದರೆ ನಿಲ್ಲಿಸುತ್ತಲೇ ಇರಲಿಲ್ಲ. ಟ್ರಂಪೆಟ್ ತೊಡೆಯ ಮೇಲಿಟ್ಟು ಕಾದು ಕಾದು ಅವರು ರೇಗುತ್ತಿದ್ದರು: "ಎಂತ ಮಾರಾಯ, ಇಲ್ಲಿ ಯಾರ ಮದುವೆ? ಜಾಝಿನಲ್ಲಿ ಪಕ್ಕದವನಿಗೂ ಜಾಗ ಬಿಡಬೇಕು."

"ಈ ಡಬ್ಬಿಯಲ್ಲಿ ಜಾಗ ಎಲ್ಲುಂಟು ಮಾರಾಯ್ರೆ?" ಎಂದು ನಾನೂ ಕೂಗುತ್ತಿದ್ದೆ.

ಕಳೆದ ತಿಂಗಳು ಅವರು ಊರಿಗೆ ಹೊರಟುಹೋದರು, ಕಾರು ನನಗೆ ಬಿಟ್ಟು. ನನಗೆ ವೀಸಾ ಕೊಟ್ಟ ಮಾಲೀಕ, ಕಫೀಲ್, ಮಾತ್ರ ರಜೆ ಕೇಳಿದರೆ ಇನ್ನೂ ನಾಳೆ ನಾಳೆ ಅನ್ನುತ್ತಿದ್ದಾನೆ.

ಈಗಲೂ ಶುಕ್ರವಾರ ಗಾಜು ಏರಿಸಿ ಕೂರುತ್ತೇನೆ. ಸ್ವಲ್ಪ ಊದಿ, ಅವರು ಹೇಳಿದಂತೆಯೇ ನಿಲ್ಲಿಸಿ, ಪಕ್ಕದ ಸೀಟಿಗೆ ಜಾಗ ಬಿಡುತ್ತೇನೆ. ಎ.ಸಿ. ಊದುತ್ತದೆ.