ಗೇಣುದ್ದದ ಟೇಪು

ಬೆಳಗಿನ ಆರು ಗಂಟೆ. ಗೋಕಾಕ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಲಗಮಪ್ಪ ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡು, ಫ್ಯಾನು ಹಾಕದೆ ಕುಳಿತಿದ್ದಾರೆ. ಮುಂದೆ ಬಿಚ್ಚಿಟ್ಟ ವಿಡಿಯೊ ಕ್ಯಾಸೆಟ್ಟು. ಮಳೆಗಾಲದಲ್ಲಿ ಸುರುಳಿಗೆ ಹಿಡಿದ ಬಿಳಿ ಬೂಷ್ಟನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಾರೆ. ಬಸ್ಸುಗಳ ಓಡಾಟ ಹೆಚ್ಚಿದರೆ ಧೂಳು, ಫ್ಯಾನು ತಿರುಗಿದರೆ ಟೇಪು ಹಾರುತ್ತದೆ. ಸೂಕ್ಷ್ಮ ಕೆಲಸವೆಲ್ಲ ಒಂಬತ್ತರೊಳಗೆ ಮುಗಿಯಬೇಕು.

ಐವತ್ತೆಂಟರ ಲಗಮಪ್ಪ ಮೊದಲು ನೂಲಿನ ಗಿರಣಿಯಲ್ಲಿದ್ದವರು. ತಿರುಗುವ ಯಂತ್ರದಲ್ಲಿ ಹರಿದ ಎಳೆ ಹುಡುಕಿ ಜೋಡಿಸುವುದು ಅವರ ಕೆಲಸ. ಯಂತ್ರದ ಸದ್ದಿಗೆ ಎಡಗಿವಿ ಪೂರ್ತಿ ಹೋದ ಮೇಲೆ, ೧೯೯೪ರಲ್ಲಿ, ಗಿರಣಿ ಬಿಟ್ಟರು. ಆಗ ಊರ ತುಂಬ ವಿಡಿಯೊ ಲೈಬ್ರರಿಗಳು. ದಿನಕ್ಕೆ ಮೂವತ್ತು ಕ್ಯಾಸೆಟ್ಟು ರಿಪೇರಿಗೆ ಬರುತ್ತಿದ್ದವು. ಸಿ.ಡಿ. ಬಂದ ಮೇಲೆ ನಾಲ್ಕೈದಕ್ಕೆ ಇಳಿದಿದೆ. ಹೆಚ್ಚಿನವು ಮೂಡಲಗಿ, ಅಂಕಲಗಿ ಕಡೆಯ ಮದುವೆಯ ಕ್ಯಾಸೆಟ್ಟುಗಳು. “ನಾ ಕರದರ ಕೇಳಂಗಿಲ್ಲ, ಟೇಪ್ ಹರದದ್ದು ಮಾತ್ರ ಬರೋಬ್ಬರಿ ತಿಳೀತೈತಿ,” ಎಂದು ಚಹಾ ತಂದ ಹೆಂಡತಿ ಶಿವವ್ವ ಚುಚ್ಚುತ್ತಾರೆ.

ಗಂಟುಗಂಟಾದ ನೂಲನ್ನು ಕಿತ್ತು, ಒಳ್ಳೆಯ ತುದಿಗಳನ್ನು ಜೋಡಿಸುವುದು ಗಿರಣಿಯ ರೂಢಿ. ಟೇಪಿಗೂ ಲಗಮಪ್ಪ ಅದನ್ನೇ ಮಾಡುತ್ತಿದ್ದರು. ಸಿನಿಮಾದ ಹೊಡೆದಾಟದಲ್ಲಿ ನಾಲ್ಕು ಏಟು ಕಡಿಮೆಯಾದರೆ ಯಾರೂ ಕೇಳುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಕೇಳಿದವರು ಹುಕ್ಕೇರಿಯ ಶಿಕ್ಷಕಿ ಶುಭಾಂಗಿ.

ಅವರ ತಂದೆ ತಾತ್ಯಾಸಾಹೇಬರು ಪುಣೆಯಲ್ಲಿ ಓದುವಾಗ ಇಂಗ್ಲಿಷ್ ರಾಕ್ ಸಂಗೀತದ ಹುಚ್ಚು ಹತ್ತಿಸಿಕೊಂಡವರು. ಊರಿಗೆ ಬಂದು ಕಬ್ಬು ಬೆಳೆದರೂ ಅದು ಇಳಿಯಲಿಲ್ಲ. ಒಂದೊಂದು ಹಾಡನ್ನು ಇಪ್ಪತ್ತು ನಿಮಿಷ ನುಡಿಸುವ ಹಳೆಯ ತಂಡವೊಂದು, ಕೂದಲು ನರೆತ ಮೇಲೆ ಮತ್ತೆ ಒಂದುಗೂಡಿ ಕೊಟ್ಟ ಕಛೇರಿಯ ಕ್ಯಾಸೆಟ್ಟನ್ನು ಕೊಲ್ಹಾಪುರದಿಂದ ತರಿಸಿಕೊಂಡಿದ್ದರು. ಪಾರ್ಶ್ವವಾಯು ಬಡಿದು ಅವರ ಮಾತು, ಬಲಗೈ ಎರಡೂ ನಿಂತವು. ಆದರೆ ಆ ಕ್ಯಾಸೆಟ್ಟಿನಲ್ಲಿ ಮುದುಕ ಡ್ರಮ್ಮರ್ ಒಬ್ಬನೇ ಬಾರಿಸುವ ಭಾಗ ಬಂದಾಗ ಬಲಗೈಯ ಬೆರಳುಗಳು ಕುರ್ಚಿಯ ತೋಳಿನ ಮೇಲೆ ತಾಳ ಹಾಕುತ್ತಿದ್ದವು. ಮನೆಯವರು ದಿನವೂ ಅದನ್ನೇ ಹಾಕತೊಡಗಿದರು. ಒಂದು ದಿನ ಅದೇ ಜಾಗದಲ್ಲಿ ಟೇಪು ವಿ.ಸಿ.ಆರ್.ಗೆ ಸಿಕ್ಕಿ ಮುದ್ದೆಯಾಯಿತು.

ಲಗಮಪ್ಪ ಗೇಣುದ್ದ ಕತ್ತರಿಸಿ, ಜೋಡಿಸಿ ಕೊಟ್ಟರು. ಮರುದಿನವೇ ಶುಭಾಂಗಿ ಮರಳಿ ಬಂದರು. ತಾಳ ಹಾರಿದ ಕಡೆ ತಂದೆಯ ಬೆರಳು ನಿಂತಿದ್ದವು. ಮತ್ತೆ ಹಾಕಿದಾಗಲೂ ಅಲ್ಲೇ ನಿಂತವು. ಮೂರನೆಯ ಸಲ ಏಳಲೇ ಇಲ್ಲ. “ಕಾಕಾ, ಅಲ್ಲಿ ಏನೋ ಹೋಗೇತಿ. ನಮಗ ತಿಳೀಲಿಲ್ಲ, ಅಪ್ಪಾರಿಗೆ ತಿಳೀತು,” ಎಂದರಂತೆ.

ಅದನ್ನು ನೆನೆದು ಲಗಮಪ್ಪ ಹೇಳುತ್ತಾರೆ: “ನಾ ತಗದದ್ದು ಕಸಾ ಅನ್ಕೊಂಡಿದ್ದೆ. ಅದು ಅವರ ಕೈ ಆಗಿತ್ತು.”

ಗಿರಣಿಯಲ್ಲಿ ಹತ್ತಿಯ ಕಸವನ್ನೂ ಚೀಲಕ್ಕೆ ತುಂಬಿಡಬೇಕಿತ್ತು. ಆ ಶಿಸ್ತಿನಿಂದ ಟೇಪಿನ ತುಂಡುಗಳೂ ಚೀಲದಲ್ಲಿ ಉಳಿದಿದ್ದವು. ಕತ್ತರಿಸಿದ ಓರೆ ತುದಿಗಳನ್ನು ಒಂದೊಂದಾಗಿ ಹೊಂದಿಸಿ ನೋಡುತ್ತ ಹೋದಾಗ ಆ ಗೇಣು ಸಿಕ್ಕಿತು. ಸುಕ್ಕನ್ನು ಉಗುರಿನಿಂದ ನೇವರಿಸಿ, ಗಾಜಿನ ಕೆಳಗೆ ಒತ್ತಿಟ್ಟು, ಎರಡೂ ಕಡೆ ಜೋಡಿಸಿದರು. ಬಸ್ಸು ಹತ್ತಿ ತಾವೇ ಹುಕ್ಕೇರಿಗೆ ಒಯ್ದರು.

ಡ್ರಮ್ಮಿನ ಭಾಗ ಬಂತು. ಎಲ್ಲರೂ ಟಿ.ವಿ. ನೋಡುತ್ತಿದ್ದರೆ ಲಗಮಪ್ಪ ಕುರ್ಚಿಯ ತೋಳನ್ನು ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಒಂದು ಬೆರಳು ಎದ್ದಿತು, ಹಿಂದೆ ಇನ್ನೊಂದು. ಜೋಡಣೆಯ ಜಾಗದಲ್ಲಿ ಪರದೆಯ ಮೇಲೆ ಬಿಳಿ ಗೆರೆ ಹಾದು, ಸದ್ದು ಗೊಗ್ಗರಾಯಿತು. ಬೆರಳು ತಡವರಿಸಿದವು, ನಿಲ್ಲಲಿಲ್ಲ.

ಈಗ ಆ ಟೇಪು ಸವೆಯುತ್ತಿದೆ. ಕೊಲ್ಹಾಪುರಕ್ಕೆ ಹೋಗಿ ಬೇಗ ಸಿ.ಡಿ. ಮಾಡಿಸಿಕೊಳ್ಳಿ ಎಂದು ಶುಭಾಂಗಿಯವರಿಗೆ ಲಗಮಪ್ಪನವರೇ ಹೇಳಿದ್ದಾರೆ. ಸಿ.ಡಿ. ಆದರೆ ಆ ಮನೆಯ ಕೆಲಸವೂ ಕೈಬಿಡುತ್ತದಲ್ಲ ಎಂದು ಕೇಳಿದರೆ, ಕ್ಯಾಸೆಟ್ಟಿನಿಂದ ಕಣ್ಣೆತ್ತದೆ ಹೇಳುತ್ತಾರೆ:

“ಹೋಗ್ಲಿ ಬಿಡ್ರಿ. ಟೇಪ್ ನಿಂತ್ರೂ ಅವರ ಕೈ ನಿಲ್ಲಬಾರ್ದು.”